ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಪತ್ರ: ಒಂದು ಔಚಿತ್ಯ ವಿಚಾರ

1963ರ ಏಪ್ರಿಲ್ 12ರಂದು ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗರು ಬಂಧಿತರಾದರು. ಅದೇ ದಿನಾಂಕದ ಹೇಳಿಕೆಯೊಂದರಲ್ಲಿ ಎಂಟು ಮಂದಿ ಬಿಳಿಯ ಧರ್ಮಗುರುಗಳು, ಈ ಚಳವಳಿ ಅಕಾಲಿಕವೆಂದೂ ನ್ಯಾಯಾಲಯದ ಮಾರ್ಗವೇ ಯುಕ್ತವೆಂದೂ ಉಪದೇಶಿಸಿದರು. ವೃತ್ತಪತ್ರಿಕೆಯ ಅಂಚುಗಳಲ್ಲಿ ಕಿಂಗರು ಬರೆಯಲಾರಂಭಿಸಿದ ಉತ್ತರವೇ ಏಪ್ರಿಲ್ 16ರ ಈ ಪತ್ರ.

ಭಾರತೀಯ ವಾಚಕನು ಇದರಲ್ಲಿ ಮೊದಲು ಅರಸುವುದು ಗಾಂಧೀಜಿಯ ಹೆಸರನ್ನು. ಅದು ಇಲ್ಲಿಲ್ಲ. ಗಾಂಧೀಜಿಗೆ ತಾವು ಪಟ್ಟ ಋಣವನ್ನು ಕಿಂಗರು 1958ರ ತಮ್ಮ ಗ್ರಂಥದಲ್ಲಿ ಮುಕ್ತಕಂಠದಿಂದ ಒಪ್ಪಿಕೊಂಡಿದ್ದರು. 1959ರಲ್ಲಿ ಭಾರತಕ್ಕೂ ಬಂದಿದ್ದರು. ಆದುದರಿಂದ ಈ ಮೌನವು ವಿಸ್ಮೃತಿಯಲ್ಲ, ಔಚಿತ್ಯ. ಆ ಎಂಟು ಮಂದಿಯಲ್ಲಿ ಪ್ರಾಟೆಸ್ಟಂಟರಿದ್ದರು, ಒಬ್ಬ ಕ್ಯಾಥೊಲಿಕರಿದ್ದರು, ಒಬ್ಬ ಯಹೂದಿ ಗುರುವೂ ಇದ್ದರು. ಅನ್ಯಾಯದ ಶಾಸನವು ಶಾಸನವೇ ಅಲ್ಲವೆಂದು ಸಾಧಿಸುವಾಗ ಕಿಂಗರು ಸಾಕ್ಷಿಗೆ ಕರೆಯುವುದು ಅಕ್ವೈನಸ್, ಟಿಲಿಕ್, ಬೂಬರ್ ಎಂಬವರನ್ನು. ಅವರವರ ಬಾವಿಯ ನೀರನ್ನೇ ಅವರವರಿಗೆ ಕುಡಿಸಿದ ಬಗೆ ಇದು. ಗಾಂಧೀಜಿ ಹೆಸರಿನಲ್ಲಿಲ್ಲದಿದ್ದರೂ ವಿಧಾನದಲ್ಲಿದ್ದಾರೆ: ಸತ್ಯಾಂಶಗಳ ಸಂಗ್ರಹ, ಸಂಧಾನ, ಆತ್ಮಶುದ್ಧಿ, ಅನಂತರವೇ ಪ್ರತ್ಯಕ್ಷ ಕಾರ್ಯ, ಕಾನೂನನ್ನು ಬಹಿರಂಗವಾಗಿ ಮುರಿದು ಶಿಕ್ಷೆಯನ್ನು ಮನಃಪೂರ್ವಕವಾಗಿ ಸ್ವೀಕರಿಸುವ ವ್ರತ.

ಪತ್ರದ ಹೃದಯವಿರುವುದು ಒಂದೇ ಒಂದು ಸುದೀರ್ಘ ವಾಕ್ಯದಲ್ಲಿ. ಕಪ್ಪು ಜನರ ಅವಮಾನಗಳು ಅಲ್ಲಿ ಒಂದರ ಮೇಲೊಂದು ಬರುತ್ತವೆ; ವಿನೋದವನಕ್ಕೆ ತನಗೇಕೆ ಪ್ರವೇಶವಿಲ್ಲವೆಂದು ಕೇಳುವ ಆರು ವರ್ಷದ ಮಗಳೂ ಬರುತ್ತಾಳೆ. ವಾಕ್ಯ ಮಾತ್ರ ಮುಗಿಯುವುದಿಲ್ಲ. ಕಾಯಿರಿ ಎಂದವರನ್ನೇ ಲೇಖಕರು ಕಾಯಿಸುತ್ತಾರೆ. ಕ್ರಿಯಾಪದವು ಕೊನೆಗೇ ಬರುವ ಕನ್ನಡದಲ್ಲಿ ಈ ವಿಳಂಬ ವಿಶೇಷವೆನಿಸದು. ಅನುವಾದಕನು ವಾಕ್ಯರಚನೆಯನ್ನು ನೆಚ್ಚದೆ, ಪುನರುಕ್ತಿಯ ಭಾರದಿಂದಲೇ ಆ ಅಸಹನೆಯನ್ನು ಸಾಧಿಸಬೇಕಾಗುತ್ತದೆ.

ಪತ್ರವು ಅನಂತರ ಪರಿಷ್ಕೃತವಾಗಿ 1964ರ ಗ್ರಂಥದಲ್ಲಿ ಸೇರಿತೆಂಬ ಕಾರಣಕ್ಕೆ ಅದರ ಬೆಲೆಯೇನೂ ಕುಂದದು. ಆದರೆ ಬರ್ಮಿಂಗ್‌ಹ್ಯಾಮಿನ ವಿಜಯವನ್ನು ಈ ಪತ್ರದ ಲೆಕ್ಕಕ್ಕೆ ಜಮಾ ಮಾಡುವುದು ತಪ್ಪು. ಮೇ 2ರಿಂದ ಶಾಲಾಬಾಲಕರು ಬೀದಿಗಿಳಿದು ಸೆರೆಮನೆಗಳನ್ನು ತುಂಬಿದರು. ಅವರ ಮೇಲೆ ಅಗ್ನಿಶಾಮಕ ಕೊಳವೆಗಳ ನೀರನ್ನೂ ಪೊಲೀಸು ನಾಯಿಗಳನ್ನೂ ಬಿಟ್ಟುದನ್ನು ಜಗತ್ತೇ ಕಂಡಿತು. ಮೇ 10ರಂದು ಒಪ್ಪಂದವಾಯಿತು. ಪತ್ರವು ವ್ಯಾಪಕವಾಗಿ ಪ್ರಚಾರಕ್ಕೆ ಬಂದುದು ಅದಾದ ಮೇಲೆ. ತರ್ಕವೊಂದರಿಂದಲೇ ಬಾಗಿಲು ತೆರೆಯದೆಂಬುದು ಕಿಂಗರಿಗೂ ತಿಳಿದಿತ್ತು. ಈಸ್ಟರ್ ಹಬ್ಬದ ವ್ಯಾಪಾರದ ದಿನಗಳನ್ನೇ ಆರಿಸಿಕೊಂಡದ್ದು ವರ್ತಕರ ಮೇಲೆ ಒತ್ತಡ ತರುವುದಕ್ಕೆಂದು ಅವರು ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಹಾಗಾದರೆ ಪತ್ರದ ಸಿದ್ಧಿ ಯಾವುದು? ಅದು ಹಗೆಯನ್ನು ಗೆಲ್ಲಲು ಬರೆದುದಲ್ಲ. ಗುರಿಯನ್ನು ಒಪ್ಪಿ ಮಾರ್ಗವನ್ನು ಒಪ್ಪದ ಮಂದಗಾಮಿ ಮಿತ್ರನನ್ನು ಕುರಿತದ್ದು. ಕಾಲವೇ ಎಲ್ಲವನ್ನೂ ಸರಿಪಡಿಸುತ್ತದೆಂಬ ಅವನ ಸಮಾಧಾನವನ್ನು ಅದು ಕಸಿದುಕೊಂಡಿತು. ನೋವುಣ್ಣದವನು ನೋವುಂಡವನಿಗೆ ಕಾಲನಿರ್ಣಯ ಮಾಡಿಕೊಡುವ ಸಮಾಜ ಎಲ್ಲೆಲ್ಲಿ ಇರುವುದೋ, ಅಲ್ಲೆಲ್ಲ ಈ ಪತ್ರಕ್ಕೆ ವಿಳಾಸದಾರರಿದ್ದಾರೆ.