ಸಾವಿರ ಕಿಟಕಿ, ಸಾವಿರ ಅಳತೆ, ಒಂದು ಪ್ರೋಗ್ರಾಂ

ವಿಜಯಪುರದ ಭೂತನಾಳ ಕೆರೆಯ ಆಸುಪಾಸಿನ ಬಡಾವಣೆಗಳಲ್ಲಿ ಕಟ್ಟುತ್ತಿರುವ ಯಾವ ಮನೆಗೆ ಬೇಕಾದರೂ ಟೇಪು ಹಿಡಿದು ಹೋಗಿ ನೋಡಿ. ನಕ್ಷೆಯಲ್ಲಿ ಎಲ್ಲ ಕಿಟಕಿಗಳೂ ನಾಲ್ಕು ಅಡಿ ಅಗಲ. ಗೋಡೆಯಲ್ಲಿ ಒಂದು ನಾಲ್ಕು ಅಡಿ ಅರ್ಧ ಇಂಚು, ಅದರ ಪಕ್ಕದ್ದು ಮೂರು ಅಡಿ ಹನ್ನೊಂದು ಇಂಚು ಮೂರು ಸೂತು, ಆಚೆಯದು ಮೇಲೊಂದು ಅಳತೆ ಕೆಳಗೊಂದು ಅಳತೆ. ಇದರಲ್ಲಿ ಗೌಂಡಿಯ ತಪ್ಪೇನೂ ಇಲ್ಲ. ಇಟ್ಟಿಗೆ, ಗಿಲಾವಿನ ಕೆಲಸ ಇರುವುದೇ ಹಾಗೆ. ಅಲ್ಯುಮಿನಿಯಂ ಕಿಟಕಿ ಕೂರಿಸುವವನು ಪ್ರತಿ ಕಂಡಿಯ ಅಳತೆ ಬೇರೆ ಬೇರೆಯಾಗಿ ಬರೆದುಕೊಂಡು ಅಂಗಡಿಗೆ ಬಂದು, ಸೆಕ್ಷನ್ ಕತ್ತರಿಸಿ, ಕೈ ಡ್ರಿಲ್ ಹಿಡಿದು ತೂತು ಹಾಕುತ್ತಾನೆ. ನಮ್ಮ ಕಡೆಯ ಸಣ್ಣ ಫ್ಯಾಬ್ರಿಕೇಶನ್ ಅಂಗಡಿಗಳು ಇಷ್ಟು ಕಾಲ ನಡೆದದ್ದು ಹೀಗೆಯೇ.

ಈ ಕೆಲಸವನ್ನೇ ಕಂಪ್ಯೂಟರ್ ನಿಯಂತ್ರಿತ ಯಂತ್ರವೂ (ಸಿಎನ್‌ಸಿ) ಮಾಡುತ್ತದೆ. ಆರೇಳು ಮೀಟರ್ ಉದ್ದದ ಪಟ್ಟಿಯನ್ನು ಗಾಳಿಯೊತ್ತಡದ ಕ್ಲಾಂಪುಗಳಲ್ಲಿ ಬಿಗಿದರೆ, ತಿರುಗುವ ಸ್ಪಿಂಡಲ್ ಮೇಲೆ, ಹಿಂದೆ, ಮುಂದೆ ಮೂರೂ ಮುಖಗಳಲ್ಲಿ ತೂತು ಕೊರೆಯುತ್ತದೆ, ಬೀಗದ ಕಿಂಡಿ ಕಡೆಯುತ್ತದೆ, ನೀರು ಹೊರಹೋಗುವ ಸೀಳು ಬಿಡಿಸುತ್ತದೆ. ದೊಡ್ಡ ಗಾಜಿನ ಕಟ್ಟಡಗಳ ಕೆಲಸ ಹಿಡಿಯುವ ಕಾರ್ಖಾನೆಗಳು ಇಂಥ ಯಂತ್ರವಿಲ್ಲದೆ ನಡೆಯುವುದಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರು, ಪುಣೆಗಳಲ್ಲಿ ಇಂಥ ಯಂತ್ರಗಳ ಮುಂದೆ ನಿಲ್ಲುತ್ತಾರೆ. ಆ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ರೂಢಿಯ ಬಗ್ಗೆ ನನ್ನ ತಕರಾರಿದೆ. ಸಿಎನ್‌ಸಿ ಎಂದರೆ ಒಂದೇ ಬಗೆಯ ಸಾವಿರ ತುಂಡು ಮಾಡುವ ಯಂತ್ರ ಎಂದು ಕಲಿಸುತ್ತೇವೆ, ಪ್ರೋಗ್ರಾಂ ಬರೆಯುವುದೂ ಅದೇ ನಂಬಿಕೆಯ ಮೇಲೆ. ಕಿಟಕಿ ಬಾಗಿಲಿನ ಪಟ್ಟಿಗಳ ವಿಷಯದಲ್ಲಿ ಅದು ತಲೆಕೆಳಗಾದ ನಂಬಿಕೆ. ಇಲ್ಲಿ ಬೇಕಾದದ್ದು ಒಂದೇ ಬಗೆಯ ಕೆಲಸವಿರುವ, ಆದರೆ ಒಂದಕ್ಕೊಂದು ಅಳತೆ ತಾಳೆಯಾಗದ ಸಾವಿರ ತುಂಡು.

ಜಾರು ಕಿಟಕಿಯ ಕೆಳಪಟ್ಟಿಯೊಂದನ್ನೇ ಕೈಗೆತ್ತಿಕೊಳ್ಳೋಣ. ಮೂರು ಅಡಿ ಹನ್ನೊಂದು ಇಂಚು ಮೂರು ಸೂತು ಅಂದರೆ 1203 ಮಿಲಿಮೀಟರಿಗೆ ಕೂದಲೆಳೆ ಹೆಚ್ಚು. ಮಳೆನೀರು ಹೊರಹೋಗಲು ಎರಡೂ ತುದಿಯಿಂದ 150 ಮಿ.ಮೀ. ಒಳಗೆ ಒಂದೊಂದು ಸೀಳು ಬೇಕು. ಯಂತ್ರಕ್ಕೆ ಆದೇಶ ಕೊಡುವ ಜಿ ಕೋಡನ್ನು ಕೈಯಿಂದ ಬರೆಯುವವನು ಎಕ್ಸ್ 150ರಲ್ಲಿ ಒಂದು, ಎಕ್ಸ್ 1053ರಲ್ಲಿ ಇನ್ನೊಂದು ಎಂದು ಬರೆಯುತ್ತಾನೆ. ಪಟ್ಟಿ ಸರಿಯಾಗಿ ಬರುತ್ತದೆ, ಮೇಸ್ತ್ರಿ ಮೆಚ್ಚುತ್ತಾನೆ. ಮುಂದಿನ ಕಿಟಕಿ 1232 ಮಿ.ಮೀ. ಎಂದಾಗ ಆ 1053 ಎಂಬ ಅಂಕಿ ಎಲ್ಲಿಂದ ಬಂತೆಂಬುದು ಪ್ರೋಗ್ರಾಂಗೆ ಗೊತ್ತಿಲ್ಲ. ಬಲತುದಿಯಿಂದ 150 ಒಳಗೆ ಎಂಬ ವಿಚಾರ ಬರೆದವನ ತಲೆಯಲ್ಲಿ ಇತ್ತು, ಬರಹದಲ್ಲಿ ಉಳಿಯಲಿಲ್ಲ. ತುದಿಗಳಿಂದ ಅಳೆಯಬೇಕಾದ ಸೀಳು, ನಡುಮಧ್ಯೆ ಬರಬೇಕಾದ ಸ್ಕ್ರೂ ತೂತು, ಕಿಟಕಿ ಎಷ್ಟೇ ಎತ್ತರವಿದ್ದರೂ ಕೈಗೆಟುಕುವಂತೆ ಕೆಳತುದಿಯಿಂದಲೇ ಅಳೆಯಬೇಕಾದ ಬೀಗದ ಕಿಂಡಿ: ಮೂರಕ್ಕೂ ಮೂರು ಬೇರೆ ನಿಯಮ. ಎಕ್ಸ್ ಅಂಕಿಗಳ ಸಾಲಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಪ್ರೋಗ್ರಾಂ ಓದಿದವನಿಗೆ ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿಯದಿದ್ದರೆ ಅದನ್ನು ಒಳ್ಳೆಯ ಪ್ರೋಗ್ರಾಂ ಎಂದು ನಾನು ಒಪ್ಪುವುದಿಲ್ಲ, ತೂತು ಎಷ್ಟೇ ಕರಾರುವಾಕ್ಕಾಗಿ ಬಿದ್ದಿರಲಿ.

ಈ ಕೊರತೆಗೆ ಹಳೆಯ ಬೇರಿದೆ. ಅಂಕಿಗಳಿಂದ ಯಂತ್ರ ನಡೆಸುವ ವಿಚಾರ 1940ರ ದಶಕದಲ್ಲಿ ಅಮೆರಿಕದ ಜಾನ್ ಪಾರ್ಸನ್ಸ್ ತಲೆಗೆ ಬಂದದ್ದು ಹೆಲಿಕಾಪ್ಟರಿನ ರೆಕ್ಕೆಯ ಬಾಗನ್ನು ಅಳೆಯುವ ಅಚ್ಚುಗಳ ಕೆಲಸದಲ್ಲಿ. ಬಾಗಿನ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿ ಒಂದೊಂದಾಗಿ ಯಂತ್ರಕ್ಕೆ ಉಣಿಸಬೇಕಿತ್ತು. ಮುಂದೆ ಎಂಐಟಿಯಲ್ಲಿ ಕೆಲಸ ನಡೆದು 1952ರಲ್ಲಿ ಪಂಚ್ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದರು. ವಿಮಾನದ ಬಿಡಿಭಾಗಕ್ಕೆ ಬಿಂದುಗಳ ಪಟ್ಟಿಯೇ ಸರಿ, ಯಾಕೆಂದರೆ ಆ ರೆಕ್ಕೆ ಎಲ್ಲ ಕಡೆಯೂ ಅದೇ ರೆಕ್ಕೆ. ಆ ವಂಶದಲ್ಲಿ ಹುಟ್ಟಿದ ಜಿ ಕೋಡ್‌ಗೆ ಪಟ್ಟಿಯ ಇನ್ನೊಂದು ತುದಿ ಎಂಬ ಕಲ್ಪನೆಯೇ ಇಲ್ಲ. ಆದರೆ ಮದ್ದೂ ಅದರೊಳಗೇ ಇದೆ. ಫನುಕ್ ಕಂಟ್ರೋಲರಿನಲ್ಲಿ ಮ್ಯಾಕ್ರೊ ಚರಗಳು, ಸೀಮೆನ್ಸ್‌ನಲ್ಲಿ ಆರ್ ಪ್ಯಾರಾಮೀಟರುಗಳು ದಶಕಗಳಿಂದ ಇವೆ. ಪಟ್ಟಿಯ ಉದ್ದವನ್ನು ಮೊದಲ ಸಾಲಿನಲ್ಲಿ ಒಂದು ಚರಕ್ಕೆ ಕೊಟ್ಟು, ಎರಡನೆಯ ಸೀಳಿನ ಜಾಗದಲ್ಲಿ ಆ ಉದ್ದದಿಂದ 150 ಕಳೆ ಎಂದು ಬರೆದರೆ ಮುಗಿಯಿತು. 1203 ಹೋಗಿ 1232 ಬಂದರೆ ಒಂದೇ ಸಾಲು ಬದಲಾಗುತ್ತದೆ. ಇಷ್ಟು ಸಣ್ಣ ಉಪಾಯವನ್ನು ತರಗತಿಗಳಲ್ಲಿ ಕೊನೆಯ ವಾರಕ್ಕೆ ತಳ್ಳುವುದು, ಹಲವು ಕಡೆ ಹೇಳದೆಯೇ ಬಿಡುವುದು ನನಗೆ ಸಹಿಸಲಾಗದ ಸಂಗತಿ.

ಕಲಿಕೆಯ ಬಗ್ಗೆ ಇನ್ನೊಂದು ಮಾತು. ಪಾಠದ ಅಭ್ಯಾಸಗಳೆಲ್ಲ ವೈಸಿನಲ್ಲಿ ಬಿಗಿದ ಗಟ್ಟಿ ಲೋಹದ ತುಂಡಿನ ಮೇಲೆಯೇ. ಆಳದ ತೂತಿಗೆ ಡ್ರಿಲ್ಲನ್ನು ಆಗಾಗ ಮೇಲೆತ್ತಿ ಚೂರು ಹೊರಹಾಕುವ ಜಿ83 ಆವರ್ತನವನ್ನು ಹುಡುಗರು ಬಾಯಿಪಾಠ ಮಾಡಿರುತ್ತಾರೆ. ಕಿಟಕಿಯ ಸೆಕ್ಷನ್ ಗಟ್ಟಿ ತುಂಡಲ್ಲ, ಒಳಗೆ ಟೊಳ್ಳು. ಮೇಲಿನ ಗೋಡೆ ಒಂದೂವರೆ ಮಿ.ಮೀ., ನಡುವೆ 37 ಮಿ.ಮೀ. ಬರೀ ಗಾಳಿ, ಕೆಳಗೆ ಮತ್ತೆ ಒಂದೂವರೆ. ಇಲ್ಲಿ ಜಿ83 ಹಾಕಿದವನು ಗಾಳಿಯನ್ನು ಹಂತ ಹಂತವಾಗಿ ಕೊರೆಯುತ್ತಾನೆ. ಒಂದೇ ಏಟಿಗೆ ಕೊರೆದರೂ ನಿಮಿಷಕ್ಕೆ 600 ಮಿ.ಮೀ. ವೇಗದಲ್ಲಿ ಆ ಗಾಳಿ ದಾಟಲು ತೂತೊಂದಕ್ಕೆ ಸುಮಾರು ನಾಲ್ಕು ಸೆಕೆಂಡು ದಂಡ. ಬಲ್ಲವನು ಮೇಲಿನ ಗೋಡೆ ಕೊರೆದು, ಟೊಳ್ಳಿನಲ್ಲಿ ಬಿರುಸಾಗಿ ಇಳಿದು, ಕೆಳಗೋಡೆಗೆ ಒಂದೆರಡು ಮಿ.ಮೀ. ಮೊದಲು ಮತ್ತೆ ನಿಧಾನಿಸುತ್ತಾನೆ. ಸಮಯಕ್ಕಿಂತಲೂ ಮುಖ್ಯವಾದದ್ದು ತೆಳುಗೋಡೆಯ ನಡುಕ. ಕ್ಲಾಂಪಿನಿಂದ ದೂರದಲ್ಲಿ ಬೀಗದ ಕಿಂಡಿ ಕಡೆದರೆ ಗೋಡೆ ಅದುರಿ ಅಂಚು ಗರಗಸದಂತಾಗುತ್ತದೆ. ಕ್ಲಾಂಪು ತೀರಾ ಹತ್ತಿರವಿದ್ದರೆ ಕಟರ್ ಹೋಗಿ ಕ್ಲಾಂಪಿಗೇ ಬಡಿಯುತ್ತದೆ. ಹಾಗಾಗಿ ಕ್ಲಾಂಪು ಎಲ್ಲಿ ನಿಲ್ಲಬೇಕೆಂಬುದೂ ಪ್ರೋಗ್ರಾಮಿನ ಭಾಗವೇ. ಪಟ್ಟಿಯ ಉದ್ದ ಬದಲಾದಾಗ ಸೀಳಿನ ಜೊತೆಗೆ ಕ್ಲಾಂಪೂ ಸರಿಯಬೇಕು. ಗಟ್ಟಿ ತುಂಡಿನ ಮೇಲೆ ಕಲಿತವನಿಗೆ ಈ ಎರಡನೆಯ ಲೆಕ್ಕ ಹೊಳೆಯುವುದೇ ಇಲ್ಲ.

ಪಟ್ಟಿಗಳಿಗೆಂದೇ ಮಾಡಿದ ತಂತ್ರಾಂಶಗಳು ಇಲ್ಲಿ ದೊಡ್ಡ ಉಪಕಾರ ಮಾಡಿವೆ. ಜರ್ಮನಿಯ ಎಲುಮಾಟೆಕ್ ಕಂಪನಿಯ ಎಲುಕ್ಯಾಡ್ ಅಂಥದ್ದೊಂದು. ಪರದೆಯ ಮೇಲೆ ಸೆಕ್ಷನ್‌ನ ಅಡ್ಡಕೊಯ್ತ ಇಟ್ಟು, ಮುಖ ಆರಿಸಿ, ತೂತು, ಕಿಂಡಿ, ಸೀಳುಗಳನ್ನು ಅವುಗಳ ಹೆಸರಿನಿಂದಲೇ ಕೂರಿಸಬಹುದು. ಎಡತುದಿಯಿಂದಲೋ ಬಲತುದಿಯಿಂದಲೋ ಎಂದು ಹೇಳಬಹುದು, ಕಡೆಯುವ ಮೊದಲು ಪರದೆಯ ಮೇಲೆ ಓಡಿಸಿ ನೋಡಬಹುದು. ಜಿ ಕೋಡ್ ಬರೆಯುವ ಹಿಂಸೆ ತಪ್ಪಿತು ಎಂದು ಇದನ್ನು ಹೊಗಳುವವರೇ ಹೆಚ್ಚು. ನನ್ನ ಮೆಚ್ಚುಗೆ ಇರುವುದು ಬಲತುದಿಯಿಂದ ಅಳೆ ಎಂದು ಹೇಳಲು ಇದರಲ್ಲಿ ಒಂದು ಜಾಗ ಇದೆ ಎಂಬುದಕ್ಕೆ. ದುಃಖವೆಂದರೆ ಆ ಜಾಗವನ್ನು ಬಳಸುವವರು ಕಡಿಮೆ. ಮೌಸಿನಿಂದ ಎಳೆದು ಎಲ್ಲವನ್ನೂ ಎಡತುದಿಯ ಅಂಕಿಗಳಲ್ಲೇ ಕೂರಿಸಿ, ಕಿಟಕಿಗೊಂದು ಫೈಲು ಉಳಿಸಿ, ಕೊನೆಗೆ ಫೋಲ್ಡರಿನಲ್ಲಿ ಹೊಸತು, ಹೊಸತು 2, ಕೊನೆಯದು, ಸರಿಯಾದ ಕೊನೆಯದು ಎಂಬ ಸಂತೆ. ಹಳೆಯ ಚಾಳಿ ಹೊಸ ಪರದೆಗೆ ಬಂದಿದೆ, ಅಷ್ಟೇ.

ಕಿಟಕಿ ವಿನ್ಯಾಸದ ತಂತ್ರಾಂಶದಿಂದ ಕತ್ತರಿಸುವ ಪಟ್ಟಿಯೂ ಕೊರೆಯುವ ಆದೇಶವೂ ನೇರ ಯಂತ್ರಕ್ಕೆ ಹೋಗುವ ಮೂರನೆಯ ದಾರಿಯೂ ಇದೆ. ದೊಡ್ಡ ಕಾರ್ಖಾನೆಗೆ ಅದು ಸರಿ. ಸಣ್ಣ ಅಂಗಡಿಯಲ್ಲಿ ಅದನ್ನೇ ನೆಚ್ಚಿಕೊಂಡರೆ ತೊಂದರೆ. ಕಿಟಕಿ ಕೂರಿಸುವವನು ಗೋಡೆಯ ಮುಂದೆ ನಿಂತು ಇದಕ್ಕೆ ಬೀಗ ನಾಲ್ಕು ಬೆರಳು ಕೆಳಗಿರಲಿ ಎಂದಾಗ, ಯಂತ್ರದ ಮುಂದೆ ನಿಂತವನಿಗೆ ಅದನ್ನು ಎಲ್ಲಿ ಬದಲಿಸಬೇಕೆಂಬುದೇ ಗೊತ್ತಿರುವುದಿಲ್ಲ.

ಈ ಮಾತು ಅಲ್ಯುಮಿನಿಯಂ ಕಿಟಕಿಗಷ್ಟೇ ಅಲ್ಲ. ಉಕ್ಕಿನ ಪಟ್ಟಿಯ ಉದಾಹರಣೆ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಸಿಗುತ್ತದೆ. ಶೆಡ್ಡಿನ ಕಂಬಗಳಿಗೆ ಒಂದರ ಮೇಲೊಂದು ಸಾಲಾಗಿ ಜಾಲರಿ ಕಟ್ಟಿ, ಅವುಗಳ ಮೇಲೆ ದ್ರಾವಣದಲ್ಲಿ ಅದ್ದಿದ ದ್ರಾಕ್ಷಿಯನ್ನು ಹರಡುತ್ತಾರೆ. ಅಡ್ಡಪಟ್ಟಿಗಳನ್ನು ಬೋಲ್ಟಿನಿಂದ ಕೂರಿಸುವುದಾದರೆ ಕಂಬದ ಉದ್ದಕ್ಕೂ ಸಮ ಅಂತರದಲ್ಲಿ ತೂತು ಬೇಕು. ಕೈಯಿಂದ ಮಾಡುವಾಗ ಒಂದು ತೂತಿನಿಂದ ಮುಂದಿನ ತೂತಿಗೆ ಟೇಪು ಇಟ್ಟು ಗುರುತು ಹಾಕುತ್ತಾರೆ. ಪ್ರತಿ ಸಲ ಅರ್ಧ ಮಿ.ಮೀ. ಅದೇ ಕಡೆಗೆ ಜಾರಿದರೂ ಹತ್ತನೆಯ ತೂತಿನ ಹೊತ್ತಿಗೆ ನಾಲ್ಕೂವರೆ ಮಿ.ಮೀ. ಸರಿದಿರುತ್ತದೆ, ಎದುರು ಕಂಬದ ತೂತಿಗೆ ಕೂಡುವುದಿಲ್ಲ. ಆಗ ಸ್ಥಳದಲ್ಲೇ ಹೊಸ ತೂತು ಕೊರೆಯುತ್ತಾರೆ, ಸತುವಿನ ಲೇಪ ಹೋಗಿ ಅಲ್ಲಿಂದಲೇ ತುಕ್ಕು ಶುರು. ಯಂತ್ರ ಪ್ರತಿ ತೂತನ್ನೂ ಒಂದೇ ತುದಿಯಿಂದ ಅಳೆಯುವುದರಿಂದ ತಪ್ಪು ಕೂಡುತ್ತಾ ಹೋಗುವುದಿಲ್ಲ. ಮೊದಲ ತೂತಿನ ಎತ್ತರ, ಅಂತರ, ತೂತಿನ ಸಂಖ್ಯೆ, ಈ ಮೂರು ಅಂಕಿ ಮತ್ತು ಒಂದು ಸುತ್ತು, ಪ್ರೋಗ್ರಾಂ ಅಂದರೆ ಇಷ್ಟೇ. ಜಾಲರಿ ಒಂದು ಸಾಲು ಹೆಚ್ಚು ಬೇಕೆಂದರೆ ಒಂದು ಅಂಕಿ ಬದಲಿಸಬೇಕು. ಲೇಪಕ್ಕೆ ಹೋಗುವ ಮೊದಲೇ ಎಲ್ಲ ತೂತು ಮುಗಿದಿರುತ್ತದೆ.

ನಮ್ಮ ಬಿಸಿಲಿನ ಲೆಕ್ಕವನ್ನೂ ಹೇಳಲೇಬೇಕು. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ 0.023 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ವಿಜಯಪುರದಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಚಳಿಗಾಲದ ಬೆಳಗು 15ಕ್ಕೆ ಇಳಿಯುತ್ತದೆ. ಈ 25 ಡಿಗ್ರಿ ಅಂತರಕ್ಕೆ ಆರು ಮೀಟರಿನ ಅಲ್ಯುಮಿನಿಯಂ ಕಂಬ ಸುಮಾರು ಮೂರೂವರೆ ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಬಿಸಿಲಿಗೆ ಕಾದ ಲೋಹದ ಮೈ ಗಾಳಿಗಿಂತ ಹೆಚ್ಚು ಬಿಸಿ, ಹಾಗಾಗಿ ನಿಜವಾದ ಅಂತರ ಇನ್ನೂ ಹೆಚ್ಚು. ಅದಕ್ಕೇ ಗಾಜಿನ ಮುಂಗೋಡೆಯ ಕಂಬದಲ್ಲಿ ಒಂದು ಕಡೆ ದುಂಡು ತೂತು, ಉಳಿದ ಕಡೆ ಉದ್ದ ಕಿಂಡಿ ಕೊಡುತ್ತಾರೆ: ದುಂಡು ತೂತಿನಲ್ಲಿ ಕಂಬ ಹಿಡಿದು ನಿಲ್ಲುತ್ತದೆ, ಕಿಂಡಿಗಳಲ್ಲಿ ಜಾರುತ್ತದೆ. ಪ್ರೋಗ್ರಾಂ ಬರೆಯುವವನಿಗೆ ಯಾವುದು ಹಿಡಿತದ ತೂತು, ಯಾವುದು ಜಾರುವ ಕಿಂಡಿ ಎಂಬುದು ಗೊತ್ತಿದ್ದರೆ ಅಳತೆಗಳನ್ನೆಲ್ಲ ಹಿಡಿತದ ತೂತಿನಿಂದಲೇ ಎಣಿಸುತ್ತಾನೆ. ಗೊತ್ತಿಲ್ಲದವನು ಪಟ್ಟಿಯ ತುದಿಯಿಂದ ಎಣಿಸುತ್ತಾನೆ, ಕಿಂಡಿ ಚಿಕ್ಕದಾದರೂ ನಡೆಯುತ್ತದೆ ಎಂದುಕೊಳ್ಳುತ್ತಾನೆ. ಕೆಲವು ಬೇಸಿಗೆ ಕಳೆದ ಮೇಲೆ ಕಟಕಟ ಸದ್ದು ಮಾಡುವುದು ಆ ಕಂಬ.

ಇಷ್ಟೆಲ್ಲ ಅರ್ಥವನ್ನು ಪ್ರೋಗ್ರಾಮಿನೊಳಗೇ ಟಿಪ್ಪಣಿಯಾಗಿ ಬರೆಯಬಹುದು. ಕಂಟ್ರೋಲರುಗಳು ಅದಕ್ಕೆ ಅವಕಾಶ ಕೊಟ್ಟಿವೆ. ಆದರೆ ಬಹುತೇಕ ಯಂತ್ರಗಳ ಪರದೆಯಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ. ನಮ್ಮ ಹುಡುಗರು ಕನ್ನಡದ ಮಾತನ್ನೇ ರೋಮನ್ ಅಕ್ಷರಗಳಲ್ಲಿ ಮೊಟಕಾಗಿ ಬರೆದುಕೊಳ್ಳುತ್ತಾರೆ, ಮುಂದಿನ ಪಾಳಿಯವನು ಅದನ್ನು ಊಹಿಸಿ ಓದುತ್ತಾನೆ. ಯಂತ್ರದ ಪಕ್ಕದಲ್ಲಿ ಪ್ರತಿ ಪ್ರೋಗ್ರಾಂಗೂ ಒಂದು ಪುಟದ ಕನ್ನಡ ಸೆಟಪ್ ಶೀಟ್ ತೂಗುಹಾಕುವ ಪದ್ಧತಿ ಬಂದರೆ ದೊಡ್ಡ ಲಾಭ: ಪಟ್ಟಿಯ ಯಾವ ಮುಖ ಹಿಂಬದಿಗೆ, ಯಾವ ತುದಿ ತಡೆಗೆ ತಾಗಬೇಕು, ಯಾವ ಚರ ಏನು, ಪೌಡರ್ ಕೋಟಿಂಗ್ ಆದ ಪಟ್ಟಿಯೋ ಆಗದ್ದೋ. ಕೋಟಿಂಗಿನ ಒಂದು ಪದರವೇ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಇರುತ್ತದೆ, ಬಿಗಿಯಾಗಿ ಕೂರಬೇಕಾದ ಬೀಗದ ಕಿಂಡಿಯಲ್ಲಿ ಎರಡೂ ಬದಿ ಸೇರಿ ಅದು ಕೈಗೆ ಗೊತ್ತಾಗುತ್ತದೆ. ಬರೆಯಲು ಹದಿನೈದು ನಿಮಿಷ ಸಾಕು. ಅದನ್ನು ಕೂಲಿಯೊಳಗೆ ಹಿಡಿಯುವ ಮನಸ್ಸು ಮಾತ್ರ ಮಾಲೀಕರಿಗೆ ಇರಬೇಕು.

ಇಂಥ ಯಂತ್ರದ ಬೆಲೆ ಒಂಟಿ ಅಂಗಡಿಗೆ ನಿಲುಕುವಂಥದ್ದಲ್ಲ. ನಾಲ್ಕಾರು ಅಂಗಡಿಯವರು ಕೂಡಿ ಒಂದು ಯಂತ್ರ ಇಟ್ಟುಕೊಂಡರೆ ಪ್ರೋಗ್ರಾಂ ಒಬ್ಬರ ತಲೆಯಿಂದ ಇನ್ನೊಬ್ಬರ ಕೈಗೆ ಹೋಗಲೇಬೇಕಾಗುತ್ತದೆ. ಹಾಗೆ ಕೂಡುವ ಮೊದಲು ಪ್ರೋಗ್ರಾಂ ಬರೆಯುವವರನ್ನು ಆರಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಪರೀಕ್ಷೆ ಇದು. 1203 ಮಿ.ಮೀ. ಕಿಟಕಿಯ ಪಟ್ಟಿಗೆ ಪ್ರೋಗ್ರಾಂ ಬರೆಸಿ. ಅದು ಕೊರೆದ ಪಟ್ಟಿಯನ್ನು ಪಕ್ಕಕ್ಕಿಡಿ, ಅಳೆಯುವುದೂ ಬೇಡ. ಈಗ ಅದೇ ಪ್ರೋಗ್ರಾಮನ್ನು ಬೇರೊಬ್ಬನ ಕೈಗೆ ಕೊಟ್ಟು, ಕಿಟಕಿ 1232 ಆಗಲಿ, ಬೀಗ ಎಡದಿಂದ ಬಲಕ್ಕೆ ಬರಲಿ ಎಂದು ಹೇಳಿ. ಕಟರ್ ಇಲ್ಲದೆ ಯಂತ್ರವನ್ನು ಪಟ್ಟಿಯ ಮೇಲೆ ಗಾಳಿಯಲ್ಲೇ ಓಡಿಸಿ ನೋಡಿ. ಎರಡನೆಯವನು ಎಷ್ಟು ಸಾಲು ತಿದ್ದಬೇಕಾಯಿತು, ತಿದ್ದುವಾಗ ಬರೆದವನನ್ನು ಎಷ್ಟು ಸಲ ಕರೆದು ಕೇಳಬೇಕಾಯಿತು, ಕ್ಲಾಂಪು ತಾನಾಗಿ ಸರಿಯಿತೋ ಇಲ್ಲವೋ ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ.