ಕವಿಯ ಚಿತ್ರಕಥೆ: ಹೊಸೆ ಎಮಿಲಿಯೊ ಪಚೆಕೊ ಅವರ ಸಾಹಿತ್ಯ ಮತ್ತು ಸಿನಿಮಾ

ಸಾಹಿತ್ಯ ಮತ್ತು ಸಿನಿಮಾಗಳ ಸಂಬಂಧವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯಲ್ಲಿ ನಿಂತುಬಿಡುತ್ತವೆ: ಕಾದಂಬರಿ ಚಲನಚಿತ್ರವಾದಾಗ ಮೂಲಕ್ಕೆ ಎಷ್ಟು ನಿಷ್ಠವಾಗಿ ಉಳಿಯಿತು? 'ಸಂಸ್ಕಾರ' (1970) ತೆರೆಗೆ ಬಂದಂದಿನಿಂದ ಕನ್ನಡ ವಿಮರ್ಶೆ ಇದನ್ನು ಕೇಳುತ್ತಲೇ ಇದೆ. ಆದರೆ ಕವಿಯೊಬ್ಬನು ನೇರವಾಗಿ ಸಿನಿಮಾಕ್ಕೆಂದೇ ಬರೆದುದನ್ನು ಅವನ ಕೃತಿಶ್ರೇಣಿಯಲ್ಲಿ ಎಲ್ಲಿ ಇರಿಸಬೇಕೆಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಎತ್ತಿಕೊಂಡಿಲ್ಲ. ಮೆಕ್ಸಿಕೊದ ಕವಿ, ಕಾದಂಬರಿಕಾರ ಹೊಸೆ ಎಮಿಲಿಯೊ ಪಚೆಕೊ (1939–2014) ಅವರ ಬರವಣಿಗೆ ಈ ಪ್ರಶ್ನೆಯನ್ನು ಎದುರಿಸಲು ತಕ್ಕ ನಿದರ್ಶನವಾಗಿದೆ.

ಮೆಕ್ಸಿಕೊ ನಗರದಲ್ಲಿ ಹುಟ್ಟಿ ಅಲ್ಲಿಯೇ ತೀರಿಕೊಂಡ ಪಚೆಕೊ, 1963ರಲ್ಲಿ ಮೊದಲ ಕವನಸಂಕಲನವನ್ನು ಪ್ರಕಟಿಸಿದರು. 1969ರಲ್ಲಿ ಅಗ್ವಾಸ್ಕಲಿಯೆಂತೆಸ್ ರಾಷ್ಟ್ರೀಯ ಕಾವ್ಯ ಪ್ರಶಸ್ತಿಯೂ 2009ರಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಅತ್ಯುನ್ನತ ಗೌರವವಾದ ಸೆರ್ವಾಂತೆಸ್ ಪ್ರಶಸ್ತಿಯೂ ಅವರಿಗೆ ಸಂದವು. 'ಇನ್ವೆಂತಾರಿಯೊ' ಎಂಬ ಅಂಕಣವನ್ನು ದಶಕಗಳ ಕಾಲ ಬರೆದರು; ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಕಾಲದ ಸವೆತ, ನಗರದ ವಿನಾಶ, ಇತಿಹಾಸದ ಕ್ರೌರ್ಯ ಇವು ಅವರ ಕಾವ್ಯದ ಮುಖ್ಯ ಆಶಯಗಳು. ಭಾಷೆಯಾದರೋ ಆಡುಮಾತಿಗೆ ಸಮೀಪವಾದದ್ದು. ಅಲಂಕಾರಕ್ಕೆ ಅಲ್ಲಿ ಎಡೆ ಕಡಿಮೆ. ಇಂಥ ಮಿತಭಾಷಿ ಕವಿಗೆ ಚಿತ್ರಕಥೆ ಪರಕೀಯ ಪ್ರಕಾರವಾಗಲಿಲ್ಲವೆಂಬುದು ಸಹಜವೇ.

ನಿರ್ದೇಶಕ ಆರ್ತುರೊ ರಿಪ್‌ಸ್ಟೈನ್ ಅವರೊಡನೆ ಬರೆದ 'ಎಲ್ ಕಾಸ್ತಿಯೊ ದೆ ಲಾ ಪುರೇಸಾ' (ಪರಿಶುದ್ಧಿಯ ಕೋಟೆ) 1972ರಲ್ಲಿ ತಯಾರಾಯಿತು. ಹೊರಜಗತ್ತಿನ ಮಾಲಿನ್ಯ ಸೋಕಬಾರದೆಂದು ಹೆಂಡತಿ ಮಕ್ಕಳನ್ನು ವರ್ಷಾನುಗಟ್ಟಲೆ ಮನೆಯೊಳಗೆ ಕೂಡಿಹಾಕಿದ ತಂದೆಯ ಕಥೆ ಇದು. ಮೆಕ್ಸಿಕೊ ನಗರದಲ್ಲಿ ನಿಜವಾಗಿ ನಡೆದ ಈ ಘಟನೆ ಅದಕ್ಕೂ ಮೊದಲೇ ಲೂಯಿಸ್ ಸ್ಪೋತಾ ಅವರ ಕಾದಂಬರಿಗೂ ಸೆರ್ಹಿಯೊ ಮಗಾನ್ಯಾ ಅವರ ನಾಟಕಕ್ಕೂ ವಸ್ತುವಾಗಿತ್ತು. ಮಕ್ಕಳ ಹೆಸರುಗಳೋ ಭವಿಷ್ಯ, ಆದರ್ಶಲೋಕ, ಸಂಕಲ್ಪ ಎಂಬ ಅರ್ಥದವು. ಇಡೀ ಕುಟುಂಬ ಇಲಿ ಪಾಷಾಣ ತಯಾರಿಸುತ್ತದೆ. ತಂದೆ ಮಾತ್ರ ಅದನ್ನು ಮಾರಲು ಹೊರಗೆ ಹೋಗುತ್ತಾನೆ, ಮನೆಯಲ್ಲಿ ನಿಷೇಧಿಸಿದ ಸುಖಗಳನ್ನೆಲ್ಲ ಅಲ್ಲಿ ಅರಸುತ್ತಾನೆ.

ಈ ತಂದೆಯನ್ನು ಪ್ರಭುತ್ವದ ರೂಪಕವೆಂದು ಓದುವುದು ಸುಲಭ. 1968ರ ಅಕ್ಟೋಬರ್ 2ರಂದು ತ್ಲಾತೆಲೋಲ್ಕೊದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ ಪ್ರಭುತ್ವ ಪ್ರೇಕ್ಷಕರ ನೆನಪಿನಲ್ಲಿ ಹಸಿಯಾಗಿಯೇ ಇತ್ತು. ಮಕ್ಕಳ ಹೆಸರುಗಳೂ ಈ ಓದಿಗೆ ಇಂಬುಕೊಡುತ್ತವೆ. ಆದರೆ ಚಿತ್ರದ ಶಕ್ತಿ ಆ ಹೆಸರುಗಳಲ್ಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಂಗಳದಲ್ಲಿ ಬಿಡದೆ ಸುರಿಯುವ ಮಳೆ, ಕೈಗೆ ಮೆತ್ತುವ ವಿಷದ ಪುಡಿ, ದಿನದಿನವೂ ಒಂದೇ ಬಗೆಯ ದುಡಿಮೆ ಇವುಗಳಿಂದ ಬಂಧನ ಅನುಭವವಾಗುತ್ತದೆ. ಹೆಸರುಗಳಿಂದ ಅದು ಬರಿಯ ವಿಚಾರವಾಗುವ ಅಪಾಯವಿದೆ. ಪಚೆಕೊ ಅವರ ಒಳ್ಳೆಯ ಕವಿತೆಗಳಲ್ಲಿಯೂ ವಸ್ತುವಿವರವೇ ಅರ್ಥವನ್ನು ಹೊರುತ್ತದೆ. ಆ ವರ್ಷದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ಆರಿಯೆಲ್ ಪ್ರಶಸ್ತಿಯನ್ನು ಈ ಕೃತಿ ಬೇರೆ ಚಿತ್ರಗಳೊಡನೆ ಹಂಚಿಕೊಂಡಿತು.

ಇದೇ ಜೋಡಿಯ 'ಎಲ್ ಸಾಂತೊ ಒಫಿಸಿಯೊ' 1974ರ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಹದಿನಾರನೆಯ ಶತಮಾನದ ನವಸ್ಪೇನಿನಲ್ಲಿ ಗುಟ್ಟಾಗಿ ಯೆಹೂದಿ ಧರ್ಮವನ್ನು ಆಚರಿಸುತ್ತಿದ್ದ ಕಾರ್ವಹಾಲ್ ಕುಟುಂಬ ಧರ್ಮವಿಚಾರಣಾ ಪೀಠಕ್ಕೆ ಬಲಿಯಾದ ಚರಿತ್ರೆ ಅದರ ವಸ್ತು. ಅಲ್ಲಿಯೂ ಮನೆಯೊಳಗಿನ ಗುಟ್ಟು, ಅಲ್ಲಿಯೂ ಪರಿಶುದ್ಧಿಯ ಹೆಸರಿನ ಹಿಂಸೆ. ಈ ಚಿತ್ರವನ್ನು ಪಚೆಕೊ ಅವರ 1967ರ ಕಾದಂಬರಿ 'ಮೊರಿರಾಸ್ ಲೆಹೋಸ್' ಜೊತೆಗಿಟ್ಟು ನೋಡಬೇಕು. ಕಿಟಕಿಯ ಮರೆಯಿಂದ ಒಬ್ಬನು ಉದ್ಯಾನದ ಬೆಂಚಿನ ಮೇಲೆ ಕುಳಿತವನನ್ನು ದಿಟ್ಟಿಸುತ್ತಾನೆ. ನಡುನಡುವೆ ಜೆರುಸಲೇಮಿನ ಪತನ, ವಾರ್ಸಾದ ಯೆಹೂದಿ ಕೇರಿಯ ನಾಶ ಬರುತ್ತವೆ. ಕಾದಂಬರಿ ಹಲವು ಯುಗಗಳ ಉದ್ದಕ್ಕೆ ಹುಡುಕಿದ ಹಿಂಸೆಯ ಸರಪಳಿಗೆ ಚಿತ್ರಕಥೆ ಮೆಕ್ಸಿಕೊ ನೆಲದ ಕೊಂಡಿಯೊಂದನ್ನು ಸೇರಿಸಿತು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಈ ಅನ್ವೇಷಣೆ ಅರ್ಧವೇ ನಮಗೆ ದಕ್ಕುತ್ತದೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೆಂದರೆ 1981ರಲ್ಲಿ ಪುಸ್ತಕವಾಗಿ ಬಂದ ಕಿರುಕಾದಂಬರಿ 'ಲಾಸ್ ಬತಾಯಾಸ್ ಎನ್ ಎಲ್ ದೆಸಿಯೆರ್ತೊ'. ಎರಡನೆಯ ಮಹಾಯುದ್ಧದ ಬಳಿಕ, ರೋಮಾ ಬಡಾವಣೆಯ ಹುಡುಗ ಕಾರ್ಲೋಸ್ ಗೆಳೆಯನ ತಾಯಿ ಮರಿಯಾನಾಳನ್ನು ಪ್ರೀತಿಸುತ್ತಾನೆ. ವಯಸ್ಕನಾದ ಕಾರ್ಲೋಸನ ನೆನಪೇ ಕಥನ. ಆ ನೆನಪಿನ ಮೇಲೆ ಅವನಿಗೇ ನಂಬಿಕೆಯಿಲ್ಲ. ಅಲ್ಬೆರ್ತೊ ಇಸಾಕ್ ನಿರ್ದೇಶಿಸಿದ 'ಮರಿಯಾನಾ, ಮರಿಯಾನಾ' (1987) ಇದರ ಚಿತ್ರರೂಪ. ಚಿತ್ರಕಥೆ ವಿಸೆಂತೆ ಲೆನ್ಯೆರೊ ಅವರದು. ಚಿತ್ರ ಸೊಗಸಾಗಿದೆ. ಆದರೆ ಕ್ಯಾಮೆರಾ ಮರಿಯಾನಾಳಿಗೆ ಮುಖ ಕೊಟ್ಟ ಕ್ಷಣವೇ ಅವಳ ಇರವು ನಿಶ್ಚಿತವಾಗಿಬಿಡುತ್ತದೆ. ಕಾದಂಬರಿಯ ಜೀವವಾದ ಸಂದೇಹ ಸೊರಗುತ್ತದೆ. ಮೂಲಕ್ಕೆ ನಿಷ್ಠವಾಗಿದ್ದೂ ಕೃತಿ ಕಳೆದುಕೊಳ್ಳಬಹುದಾದದ್ದು ಏನೆಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಒಂದು ತೊಡಕನ್ನು ಮರೆಮಾಚುವಂತಿಲ್ಲ. ಪಚೆಕೊ ತಮ್ಮ ಕವಿತೆಗಳನ್ನು ಮುದ್ರಣದಿಂದ ಮುದ್ರಣಕ್ಕೆ ತಿದ್ದುತ್ತಲೇ ಇದ್ದವರು. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ನಾವು ಲಿಪಿಕಾರರಿಂದಾದ ಪಾಠಾಂತರಗಳೊಡನೆ ಸೆಣಸುತ್ತೇವೆ. ಇಲ್ಲಿ ಕವಿಯೇ ಪಾಠಾಂತರಗಳ ಕರ್ತೃ. ಸಿನಿಮಾ ಇಂಥ ತಿದ್ದುಪಡಿಗೆ ಅವಕಾಶ ಕೊಡದು, ಒಬ್ಬನೇ ಕರ್ತೃವನ್ನೂ ಒಪ್ಪದು. ಹಾಗಾದರೆ ಚಿತ್ರಕಥೆ ಅವರದೆಂದು ಹೇಳುವುದು ಹೇಗೆ? ಕವಿತೆ ಎಲ್ಲರದು, ಕವಿಯ ಹೆಸರು ಮುಖ್ಯವಲ್ಲ ಎಂದು ಅನಾಮಿಕತೆಯನ್ನು ಸಮರ್ಥಿಸಿ ಬರೆದವರು ಪಚೆಕೊ ಅವರೇ. ಆ ನಿಲುವಿಗೆ ಹಲವರ ಕೈ ಕೂಡಿದ ಸಿನಿಮಾಕ್ಕಿಂತ ತಕ್ಕ ಮಾಧ್ಯಮ ಬೇರೊಂದಿಲ್ಲ.

ಆದುದರಿಂದ ಕವಿಯ ಚಿತ್ರಕಥೆಗಳನ್ನು ಉಪವೃತ್ತಿಯ ಫಲವೆಂದು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ. ಸಾಹಿತ್ಯಕೃತಿಗಳ ರೂಪಾಂತರವನ್ನಷ್ಟೇ ಅಲ್ಲದೆ, ಸಾಹಿತಿಗಳು ಸಿನಿಮಾಕ್ಕೆಂದು ಬರೆದುದನ್ನೂ ಪಠ್ಯವೆಂದು ಸಂಗ್ರಹಿಸಿ, ಸಂಪಾದಿಸಿ, ಅವರ ಉಳಿದ ಬರವಣಿಗೆಯೊಡನೆ ಓದುವ ಕೆಲಸವನ್ನು ನಮ್ಮ ಸಂಶೋಧಕರು ಕೈಗೆತ್ತಿಕೊಳ್ಳುವುದು ಅಗತ್ಯವಾಗಿದೆ.