ಓನರ್ ಒಪ್ಪೋದಿಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರನ್ನು ಬ್ರೋಕರ್ ಮೊದಲು ಬಜೆಟ್ ಕೇಳುತ್ತಾನೆ, ಆಮೇಲೆ ಮನೆಯಲ್ಲಿ ಎಷ್ಟು ಜನ ಎಂದು, ಆಮೇಲೆ ಪೂರ್ತಿ ಹೆಸರು. ಹೆಸರು ಮುಸ್ಲಿಮರದ್ದಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಂದೇನಿಲ್ಲ ಸಾರ್, ಓನರ್ ಒಪ್ಪೋದಿಲ್ಲ.’ ಓನರನ್ನೇ ಹಿಡಿದು ಕೇಳಿದರೆ ಅವರಿಗೂ ಏನೂ ಅಡ್ಡಿಯಿಲ್ಲ, ಕೆಳಗಿನ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಷ್ಟೆ. ಮನೆಯಂತೂ ಸಿಗಲಿಲ್ಲ, ಬೇಡ ಎಂದವರು ಯಾರೆಂದು ಬೆರಳಿಟ್ಟು ತೋರಿಸಲು ಒಬ್ಬರೂ ಇಲ್ಲ. ಈ ಪದ್ಧತಿ ಇಷ್ಟು ಕಾಲ ಬಾಳಿರುವುದೇ ಈ ನಯದಿಂದ ಎಂದು ನನಗನ್ನಿಸುತ್ತದೆ.

ಇದು ಇಂದು ನಿನ್ನೆಯದಲ್ಲ. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದ ಅಂಬೇಡ್ಕರ್ ಅವರಿಗೆ ಇಳಿದುಕೊಳ್ಳಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿ ವಸತಿಗೃಹ ಸೇರಬೇಕಾಯಿತು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಅವರು ಆ ದೊಣ್ಣೆಗಳ ಜೊತೆಗೇ ಇಬ್ಬರು ಗೆಳೆಯರನ್ನೂ ನೆನೆಯುತ್ತಾರೆ. ನೀವು ಬಂದರೆ ಆಳುಗಳೆಲ್ಲ ಬಿಟ್ಟು ಹೋಗುತ್ತಾರೆ ಎಂದ ಒಬ್ಬ ಹಿಂದೂ. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದ ಒಬ್ಬ ಕ್ರೈಸ್ತ. ಅಲ್ಲಿದ್ದದ್ದು ಜಾತಿಯ ತಡೆ, ಇಲ್ಲಿರುವುದು ಧರ್ಮದ್ದು. ಆದರೆ ಬೇಡ ಎನ್ನುವ ಕೆಲಸವನ್ನು ಎದುರಿಗಿಲ್ಲದ ಇನ್ನೊಬ್ಬರ ತಲೆಗೆ ಕಟ್ಟುವ ರೀತಿ ಒಂದೇ. ದೊಣ್ಣೆ ಹಿಡಿದವರ ಮುಖವಾದರೂ ಅಂಬೇಡ್ಕರ್ ಅವರಿಗೆ ಕಂಡಿತ್ತು.

‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡನ್ನು ಅಡುಗೆಯ ವಾಸನೆಯ ಪ್ರಶ್ನೆ ಎಂದು ಸಮರ್ಥಿಸುವವರಿದ್ದಾರೆ. ಕೆಲವರ ಮಟ್ಟಿಗೆ ಅದು ನಿಜವಿರಬಹುದು. ಹಾಗಿದ್ದರೆ ಏನು ತಿನ್ನುತ್ತೀರಿ ಎಂದು ಕೇಳಿದರೆ ಸಾಕಿತ್ತು, ಪೂರ್ತಿ ಹೆಸರು ಯಾಕೆ ಬೇಕು? ತಾವೇ ಭಾನುವಾರ ಮಟನ್ ಸಾರು ಮಾಡುವ ಮನೆಯೊಡೆಯರೂ ಮುಸ್ಲಿಮರಿಗೆ ಕೊಡುವುದಿಲ್ಲವಲ್ಲ, ಅಲ್ಲಿ ವಾಸನೆಯ ಮಾತೇ ಏಳುವುದಿಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯಲ್ಲೂ ಅದರ ಸುತ್ತಲ ನಗರಗಳಲ್ಲೂ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಮೇಲ್ಜಾತಿಯ ಹೆಸರಿಗೆ ಸುಲಭವಾಗಿ ತೆರೆದ ಬಾಗಿಲು ದಲಿತರ ಹೆಸರಿಗೆ ಮುಚ್ಚಿತು, ಮುಸ್ಲಿಮರ ಹೆಸರಿಗೆ ಇನ್ನೂ ಹೆಚ್ಚು.

ಹೀಗೆ ತಿರುಗಿ ಸೋತವರು ಕೊನೆಗೆ ಹೋಗುವುದು ಶಿವಾಜಿನಗರಕ್ಕೆ, ಗೋರಿಪಾಳ್ಯಕ್ಕೆ, ಹೆಸರು ಕೇಳದೆ ಮನೆ ಕೊಡುವ ಜಾಗಗಳಿಗೆ. ಆಫೀಸು ದೂರವಾಗುತ್ತದೆ, ಮಕ್ಕಳ ಶಾಲೆ ಬದಲಾಗುತ್ತದೆ. ಆಮೇಲೆ ‘ಅವರು ಅವರವರೇ ಗುಂಪಾಗಿ ಇರ್ತಾರೆ, ನಮ್ಮ ಜೊತೆ ಬೆರೆಯೋದಿಲ್ಲ’ ಎಂಬ ದೂರು ಕೇಳುವುದು ಮನೆ ಕೊಡದ ಬಡಾವಣೆಗಳಿಂದಲೇ. ಈ ಮಾತು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ.

ಕಾನೂನು ಏನು ಮಾಡುತ್ತಿದೆ? ಸಂವಿಧಾನದ 15ನೆಯ ವಿಧಿ ಧರ್ಮದ ಹೆಸರಿನಲ್ಲಿ ಸರ್ಕಾರ ಭೇದ ಮಾಡಕೂಡದು ಎನ್ನುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಯಾರನ್ನೂ ತಡೆಯಕೂಡದು ಎನ್ನುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ನಿಯಮವನ್ನು ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದು ಒಟ್ಟಿಗೆ ಬಾಳಲು ಬಯಸುವುದು ನನಗೆ ಅರ್ಥವಾಗುತ್ತದೆ. ಆದರೆ ಅದೇ ತರ್ಕ ನಗರದ ಬಹುಸಂಖ್ಯಾತರ ಕೈಗೆ ಸಿಕ್ಕರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳಬಹುದು. ಈ ಅಪಾಯವನ್ನು ಆ ತೀರ್ಪು ಸಾಕಷ್ಟು ತೂಗಿ ನೋಡಲಿಲ್ಲ.

‘ನನ್ನ ಮನೆ, ನನ್ನ ಇಷ್ಟ’ ಎಂಬ ವಾದಕ್ಕೂ ಉತ್ತರ ಬೇಕು. ತಾನು ಮಲಗುವ ಮನೆಯ ಒಂದು ಕೋಣೆಯನ್ನು ಯಾರಿಗೆ ಕೊಡಬೇಕೆಂಬುದು ಅವರವರ ಇಷ್ಟ, ಒಪ್ಪೋಣ. ಬಾಡಿಗೆಗೆಂದೇ ಕಟ್ಟಿಸಿ, ಗೇಟಿಗೆ ‘ಟು ಲೆಟ್’ ಬೋರ್ಡು ನೇತುಹಾಕಿದ ಮೂರಂತಸ್ತಿನ ಕಟ್ಟಡ ವ್ಯಾಪಾರದ ಸರಕು. ಅಮೆರಿಕ 1968ರ ಫೇರ್ ಹೌಸಿಂಗ್ ಕಾಯ್ದೆಯಲ್ಲಿ ಈ ಗೆರೆಯನ್ನು ಎಳೆದಿದೆ. ಮಾಲೀಕನೂ ವಾಸವಿರುವ, ನಾಲ್ಕು ಮನೆ ಮೀರದ ಕಟ್ಟಡಕ್ಕೆ ವಿನಾಯಿತಿ ಉಂಟು. ಆದರೆ ಇಂಥ ಧರ್ಮದವರು ಬೇಡ ಎಂದು ಜಾಹೀರಾತು ಕೊಡುವ ಹಕ್ಕು ಅವನಿಗೂ ಇಲ್ಲ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬಾಡಿಗೆಗಿರುವ ನಮ್ಮ ಮಕ್ಕಳಿಗೆ ಆ ಕಾಯ್ದೆಯ ರಕ್ಷಣೆಯಿದೆ. ಅವರ ತಂದೆತಾಯಿ ಜಯನಗರದ ಮನೆಯನ್ನು ಬಾಡಿಗೆಗೆ ಕೊಡುವಾಗ ಅಂಥ ಯಾವ ಕಟ್ಟೂ ಇಲ್ಲ.

2021ರಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು, ಗೋಡೆಗೆ ಸುಣ್ಣ ಹೊಡೆಸುವುದು ಮಾಲೀಕನ ಕೆಲಸ, ನಲ್ಲಿಯ ವಾಷರ್ ಬದಲಿಸುವುದು ಬಾಡಿಗೆದಾರನ ಕೆಲಸ ಎಂದು ಅದು ವಿವರವಾಗಿ ಬರೆದಿದೆ. ಧರ್ಮ ನೋಡಿ ಮನೆ ನಿರಾಕರಿಸಕೂಡದು ಎಂಬ ಸಾಲು ಮಾತ್ರ ಅದರಲ್ಲಿಲ್ಲ. ಬಾಡಿಗೆ ಸಂಬಂಧದ ಕಾಯ್ದೆ ರಾಜ್ಯದ ಅಧಿಕಾರ. ಆ ಸಾಲನ್ನು ಸೇರಿಸಲು ಕರ್ನಾಟಕದ ಶಾಸಕಾಂಗ ದೆಹಲಿಯನ್ನು ಕಾಯಬೇಕಿಲ್ಲ. ಸೇರಿಸುವಾಗ ಮಾಲೀಕನ ಜೊತೆಗೆ ಬ್ರೋಕರನ್ನೂ ಹೊಣೆ ಮಾಡಬೇಕು, ಏಕೆಂದರೆ ಬಹುಪಾಲು ಸಲ ಹೆಸರು ಕೇಳುವವನು ಅವನೇ.